ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ಟು

ಭಾನುವಾರ ಕುಕ್ಕರು ಕೂಗಲಿಲ್ಲ.
ಹಲ್ಲುದುರಿದ ಬಾಯಿ ಪೀಪಿ ಊದಿದ ಹಾಗೆ
ಪಕ್ಕದಿಂದ ಬುಸ್ಸೆಂದಿತು, ಅಷ್ಟೆ.
ಅವರೆಕಾಳು ಮುಕ್ಕಾಲು ಗಂಟೆ ಬೆಂದೂ ಬೇಯಲಿಲ್ಲ.
ಅತ್ತೆ ಒಂದು ಕಾಳನ್ನು ಬಾಯಲ್ಲಿ ಆಚೆ ಈಚೆ ಹೊರಳಿಸಿ
ತಟ್ಟೆಯ ಅಂಚಿಗಿಟ್ಟರು. ಏನೂ ಅನ್ನಲಿಲ್ಲ.
ಅಂದಿದ್ದರೆ ವಾಸಿಯಿತ್ತು.

ಪಾತ್ರೆ ಅಂಗಡಿ ಶೆಟ್ಟರು ಎಂಟಕ್ಕೆ ಬಾಗಿಲೆಳೆಯುತ್ತಾರೆ,
ನನ್ನ ಶಿಫ್ಟು ಬಿಡುವುದು ಎಂಟೂವರೆಗೆ.
ಹೋದ ವರ್ಷ ರಜೆ ಹಾಕಿ ಹೋಗಿದ್ದೆ.
"ಅದೇ ಕಂಪನಿದು ಇಲ್ಲಮ್ಮ, ಇದೂ ಕೂರತ್ತೆ, ಒತ್ತಿ ಕೂರಿಸು."
ಒತ್ತಿದೆ. ಕೂರಲಿಲ್ಲ.
ಅದೀಗ ಮಗಳ ಆಟದ ಸಾಮಾನು, ಬೊಂಬೆಗೆ ಈಜುಕೊಳ.

ರಾತ್ರಿ ಹನ್ನೊಂದಕ್ಕೆ, ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು
ಫೋನು ತೆಗೆದೆ. ನೂರ ಮೂವತ್ತೆಂಟು ರೂಪಾಯಿ.
ಬಾಗಿಲೆಳೆಯುವವರಿಲ್ಲ, ಆಕಳಿಸುವವರಿಲ್ಲ,
ಹೆಬ್ಬೆರಳಿನ ಒಂದು ಒತ್ತು.
ಸುಳ್ಳೇಕೆ, ಖುಷಿಯಾಯಿತು.

ಈಗ ನನ್ನ ಕೆಲಸ ಹೇಳಬೇಕು.
ಮಾಲೂರಿನ ಹೊರಗಿನ ದೊಡ್ಡ ಗೋದಾಮಿನಲ್ಲಿ
ಊರವರೆಲ್ಲ ಹೆಬ್ಬೆರಳಲ್ಲಿ ಒತ್ತಿದ್ದನ್ನು
ಡಬ್ಬಿಗೆ ಹಾಕುವುದು. ಗಂಟೆಗೆ ನೂರಿಪ್ಪತ್ತು.
ನೂರಹದಿನೈದಕ್ಕಿಳಿದರೆ ಗಜೇಂದ್ರ ಬಂದು
ಹಿಂದೆ ನಿಲ್ಲುತ್ತಾನೆ. ಬಯ್ಯುವುದಿಲ್ಲ, ನಿಲ್ಲುತ್ತಾನೆ.

ಮಂಗಳವಾರ, ಊಟಕ್ಕೆ ಹತ್ತು ನಿಮಿಷವಿದ್ದಾಗ
ನನ್ನ ಟ್ರೇಗೆ ಬಂತು: ಗ್ಯಾಸ್ಕೆಟ್ಟು, ಕಪ್ಪು, ಐದು ಲೀಟರು.
ಚೀಟಿ ನಾಲಗೆಯ ಹಾಗೆ ಹೊರಚಾಚಿತು:
ಮುನಿರತ್ನಮ್ಮ, ನೀರಿನ ಟ್ಯಾಂಕಿನ ಹಿಂದೆ,
ಹಾಲಿನ ಡೇರಿ ಎದುರು, ಮಾಲೂರು.
ರೇಷನ್ ಕಾರ್ಡಿನಲ್ಲಿ ನಾನು ಮುನಿರತನ್ನಮ್ಮ.
ಇಲ್ಲಿ ಒತ್ತಕ್ಷರ ಸರಿಯಿತ್ತು.

ಜಬೀನಾಗೆ ತೋರಿಸಿದೆ. "ಕೈಗೆ ಹಾಕ್ಕೊಂಡು ಹೋಗೇ,
ಬಳೆ ಅಂದ್ಕೋತಾರೆ" ಎಂದು ನಕ್ಕಳು.
ಗೇಟಿನ ಯಂತ್ರ ಕಬ್ಬಿಣಕ್ಕೆ ಕೂಗುತ್ತದೆ, ರಬ್ಬರಿಗಿಲ್ಲ.
ಆದರೆ ನನ್ನ ಮುಖ ಕೂಗಿಬಿಡುತ್ತದೆ.
ದುಡ್ಡು ನನ್ನದು, ಹೆಸರು ನನ್ನದು, ಹಿಡಿದ ಕೈ ನನ್ನದು,
ಗ್ಯಾಸ್ಕೆಟ್ಟು ಮಾತ್ರ ಇನ್ನೂ ನನ್ನದಲ್ಲ.
ಸಣ್ಣ ಡಬ್ಬಿ ಮುಗಿದಿದ್ದವು.
ಎರಡು ಸೀರೆ ಹಿಡಿಯುವ ಡಬ್ಬಿಯಲ್ಲಿ ಅದನ್ನಿಟ್ಟು
ಗಾಳಿಯ ದಿಂಬು ತುರುಕಿ ಟೇಪು ಎಳೆದೆ.

ಬುಧವಾರ ಅದು ಹೊಸಕೋಟೆಯಲ್ಲಿತ್ತು.
ರಾತ್ರಿ ಬೆಂಗಳೂರು. ಗುರುವಾರ, ಯಾಕೋ, ಕೋಲಾರ.
ಈ ವರ್ಷ ನಾನೇ ಇಷ್ಟು ಊರು ನೋಡಿಲ್ಲ.
ಗೋದಾಮಿನಿಂದ ಮನೆಗೆ ಕಂಪನಿ ಬಸ್ಸಿನಲ್ಲಿ ಹನ್ನೆರಡು ನಿಮಿಷ.
ಅಷ್ಟರಲ್ಲಿ ಚೌಡಮ್ಮ ತನ್ನ ಕುಕ್ಕರು ಕೊಟ್ಟಳು,
ಬೆಳಿಗ್ಗೆ ಆರರೊಳಗೆ ವಾಪಸು, ಒಂದು ಲೋಟ ಸಾರಿನ ಸಮೇತ.

ಶುಕ್ರವಾರ ಮೂರು ಮಿಸ್ಡ್ ಕಾಲು.
ಫೋನು ಲಾಕರಿನಲ್ಲಿತ್ತು, ಅದು ಅಲ್ಲಿನ ನಿಯಮ.
"ಗ್ರಾಹಕರು ಲಭ್ಯವಿರಲಿಲ್ಲ" ಎಂದು ಬರೆದಿದ್ದರು.
ಎಲ್ಲಿಗೆ ಹೋಗಿದ್ದೆ ನಾನು?
ಅವರದೇ ಗೋದಾಮಿನಲ್ಲಿ
ಇನ್ಯಾರದೋ ಡಬ್ಬಿಗೆ ಟೇಪು ಎಳೆಯುತ್ತಿದ್ದೆ.

ಭಾನುವಾರ ಮತ್ತೆ ಫೋನು. "ಅಕ್ಕಾ, ಇಲ್ಲು ಎಕ್ಕಡ?"
"ಟ್ಯಾಂಕು ಕಾಣ್ತದಾ?"
"ಎರಡು ಕಾಣ್ತಾವೆ ಅಕ್ಕಾ."
"ಸೋರ್ತಾ ಇರೋದು ನಮ್ದು."
ಬಂದ. ಮೀಸೆ ಇನ್ನೂ ಮೂಡದ ಹುಡುಗ.
ನೀರು ಕುಡಿದ, ಓಟಿಪಿ ಬರೆದುಕೊಂಡ,
ಡಬ್ಬಿ ಅಲ್ಲಾಡಿಸಿ "ಖಾಲಿ ಇದ್ದಂಗಿದೆ" ಅಂದ.

ಟೇಪಿನ ತುದಿಗೆ ಉಗುರಿಟ್ಟೆ. ಮಡಿಕೆ ಸಿಕ್ಕಿತು.
ತುದಿಯನ್ನು ಒಂದು ಬೆರಳಷ್ಟು ಒಳಕ್ಕೆ ಮಡಿಚುತ್ತೇನೆ ನಾನು,
ಬಿಚ್ಚುವವರಿಗೆ ಕತ್ತರಿ ಹುಡುಕುವ ಪಾಡು ಬೇಡವೆಂದು.
ನಿಯಮದಲ್ಲಿಲ್ಲ. ಪ್ರತಿ ಡಬ್ಬಿಗೂ ಒಂದು ಸೆಕೆಂಡು ಹೋಗುತ್ತದೆ.
ಗಜೇಂದ್ರ ಹಿಂದೆ ಬಂದು ನಿಲ್ಲುವುದು ಅದಕ್ಕೇ ಇರಬೇಕು.
ಎರಡು ವರ್ಷ ಮಡಿಚಿದ್ದೇನೆ,
ಅದು ಯಾರ ಉಗುರಿಗೆ ಸಿಕ್ಕಿತೋ, ಯಾರು ಕಂಡರೋ.
ಸರಕ್ಕನೆ ಬಂತು.

ಮೂರು ಕೂಗು. ಅತ್ತೆ ಒಳಗಿನಿಂದಲೇ ಎಣಿಸಿದರು.
ಡಬ್ಬಿಯಲ್ಲಿ ಬೆಕ್ಕು ಸುರುಳಿಯಾಗಿದೆ.
ಫೋನು ಮತ್ತೆ ಮಿಣುಕಿತು:
ಪ್ಯಾಕಿಂಗ್ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ?

ಯೋಚಿಸಿ ನಾಲ್ಕು ಕೊಟ್ಟೆ.
ಡಬ್ಬಿ ತೀರಾ ದೊಡ್ಡದಾಯಿತು.